ಡಿಲೀಟ್ ಆಗಿಹೋಯಿತು

ಹಾಲು ಉಕ್ಕಿಹೋಗುತ್ತದೆ, ಲೋಟ ಒಡೆದುಹೋಗುತ್ತದೆ, ಬಸ್ಸು ತಪ್ಪಿಹೋಗುತ್ತದೆ. ಒಲೆಯ ಮುಂದೆ ನಿಂತು ಮೊಬೈಲ್ ನೋಡುತ್ತಿದ್ದವರು, ಕೈಜಾರಿಸಿದವರು, ತಡವಾಗಿ ಎದ್ದವರು ಆ ವಾಕ್ಯಗಳಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಬೇಕಾಗಿಲ್ಲ. ಕನ್ನಡದ ಈ ಔದಾರ್ಯ ನನಗೆ ಇಷ್ಟ. ಮನೆಯೊಳಗಿನ ಎಷ್ಟೋ ಜಗಳಗಳು ಇದರಿಂದಲೇ ತಪ್ಪುತ್ತವೆ. ಆದರೆ ಹದಿನೇಳು ವರ್ಷ ಆಪ್ತಸಲಹೆಯ ಕೆಲಸ ಮಾಡಿದ ನಾನು ಇಂಥದೇ ಒಂದು ವಾಕ್ಯವನ್ನು ನಾಲ್ಕು ಭೇಟಿಗಳುದ್ದಕ್ಕೂ ಕೇಳುತ್ತ, ತಲೆಯಾಡಿಸುತ್ತ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕುಳಿತಿದ್ದೆ. ಆ ನಾಚಿಕೆಯೇ ಈ ಬರಹಕ್ಕೆ ಅರ್ಧ ಕಾರಣ. ಉಳಿದರ್ಧ ಏನೆಂದರೆ, ಅದಾದ ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಅದೇ ದೂರು ಹಿಡಿದು ಇನ್ನಿಬ್ಬರು ಬಂದರು.

ಹೆಸರು, ಊರು, ಗುರುತು ಸಿಗಬಹುದಾದ ಎಲ್ಲವನ್ನೂ ಬದಲಾಯಿಸಿದ್ದೇನೆ. ಅವರನ್ನು ರಘು ಎನ್ನೋಣ. ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟೆ. ತಾಂತ್ರಿಕವಾಗಿ ನಾನು ಎಡವಿದ್ದ ಎರಡು ಕಡೆ ತಿದ್ದಿದರು. ತಮ್ಮ ಬಗ್ಗೆ ಬರೆದ ಯಾವ ಮಾತನ್ನೂ ತಿದ್ದಲಿಲ್ಲ.

ರಘು ಅವರಿಗೆ ಆಗ 41 ವರ್ಷ. ಬೆಂಗಳೂರಿನ ಕಚೇರಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹಿರಿಯ ಹುದ್ದೆ. ಹೆಂಡತಿ ಶಿಕ್ಷಕಿ, ಮಗಳು ಹೈಸ್ಕೂಲಿನಲ್ಲಿ, ಮನೆಯ ಸಾಲ ಇನ್ನೂ ಹನ್ನೊಂದು ವರ್ಷ ಬಾಕಿ. ಕಳಿಸಿದ್ದು ಹೆಂಡತಿ. ದೂರು ಒಂದೇ: ರಾತ್ರಿ ಹನ್ನೊಂದಕ್ಕೆ ಮಲಗಿದವರು ಎರಡು ನಲವತ್ತರ ಸುಮಾರಿಗೆ ಎದ್ದು, ನಡುಮನೆಯಲ್ಲಿ ದೀಪ ಹಾಕದೆ ಲ್ಯಾಪ್‌ಟಾಪ್ ತೆರೆಯುತ್ತಾರೆ; ಮತ್ತೆ ನಿದ್ದೆ ಹತ್ತುವುದಿಲ್ಲ. ‘ದಸರಾ ರಜೆಯ ಹೊತ್ತಿಗೆ ಶುರುವಾಯಿತು, ಎರಡು ವರ್ಷವಾಗುತ್ತ ಬಂತು’ ಎಂದರು. ಅದನ್ನು ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಬರೆದುಕೊಂಡು ಸುಮ್ಮನಾಗಿದ್ದೇನೆ.

ಮೊದಲ ಎರಡು ಭೇಟಿಗಳು ಅವರ ವೃತ್ತಿಯ ಅಳಲಿನಲ್ಲೇ ಕಳೆದವು. ಕೇಳಲು ಸ್ವಾರಸ್ಯವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಜಾಲತಾಣ ನಿಧಾನವಾದರೆ ಮೊದಲ ಫೋನು ಡೇಟಾಬೇಸಿನವರಿಗೆ. ದೋಷ ನೆಟ್‌ವರ್ಕಿನದೋ ಪ್ರೋಗ್ರಾಮಿನದೋ ಎಂದು ತೋರಿಸಿಕೊಡುವ ಹೊಣೆಯೂ ಇವರದೇ. ‘ಒಂದು ಸಣ್ಣ ರಿಪೋರ್ಟ್, ಐದು ನಿಮಿಷದ ಕೆಲಸ’ ಎಂದು ಬರುವವರು ಇಂಡೆಕ್ಸ್ ಇಲ್ಲದ ಕಾಲಮ್ಮಿನ ಮೇಲೆ ಏಳು ವರ್ಷದ ವ್ಯವಹಾರವನ್ನು ಕೇಳುತ್ತಾರೆ. ಪದಸೂಚಿ ಇಲ್ಲದ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಇಡೀ ಪುಸ್ತಕ ಓದಬೇಕಾಗುತ್ತದಲ್ಲ, ಹಾಗೆ ಯಂತ್ರ ಕೋಟಿಗಟ್ಟಲೆ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಅದನ್ನು ನಟ್ಟನಡು ಮಧ್ಯಾಹ್ನ ಓಡಿಸಿ, ಎಲ್ಲರ ಕೆಲಸ ನಿಂತ ಮೇಲೆ ‘ಡೇಟಾಬೇಸ್ ಸತ್ತಿದೆ’ ಎಂದು ದೂರು ಬರೆಯುವವರೂ ಅವರೇ. ಖಾತೆ ಸಂಖ್ಯೆಗಳ ಮೊದಲಿನ ಸೊನ್ನೆಗಳನ್ನು ಎಕ್ಸೆಲ್ ನುಂಗಿರುತ್ತದೆ. 03-04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬುದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಯಾರೋ ‘ಕೊನೆಯ ಹೆಸರು ಕಡ್ಡಾಯ’ ಎಂದು ವಿನ್ಯಾಸ ಮಾಡಿಟ್ಟ ಟೇಬಲ್ಲಿನಲ್ಲಿ, ಅಂದರೆ ಸಾಲು ಮತ್ತು ಕಾಲಮ್ಮುಗಳ ಪಟ್ಟಿಯಲ್ಲಿ, ನಮ್ಮ ಕಡೆಯವರು, ಇನಿಷಿಯಲ್ ಬಿಟ್ಟರೆ ಇನ್ನೊಂದು ಹೆಸರೇ ಇಲ್ಲದವರು, ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ‘ನಮ್ಮ ಡೇಟಾಬೇಸಿನಲ್ಲಿ ಚುಕ್ಕಿ ಮನೆತನದವರು ಹದಿನಾಲ್ಕು ಸಾವಿರ ಜನ ಇದ್ದಾರೆ ಮೇಡಂ, ನಾನೂ ಅದೇ ವಂಶ’ ಎಂದು ರಘು ನಕ್ಕರು. ಆ ಎರಡು ಭೇಟಿಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಹಬ್ಬದ ವಾರ ಎಂದರೆ ಖರೀದಿ ಹೆಚ್ಚು, ಹೊರೆ ಹೆಚ್ಚು. ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೂ ಅವರ ಮೊಬೈಲ್ ಬಚ್ಚಲಮನೆಯ ಕಿಟಕಿಯ ಮೇಲೆ ಇರುತ್ತಿತ್ತು. ನಲ್ಲಿಯಲ್ಲಿ ನೀರು ಬರುವ ದಿನ ಯಾರೂ ಜಲಮಂಡಳಿಯನ್ನು ನೆನೆಯುವುದಿಲ್ಲ. ಇವರ ಕೆಲಸವೂ ಹಾಗೆ, ಕೆಟ್ಟ ದಿನ ಮಾತ್ರ ಕಾಣುವಂಥದು. ಅಂಥ ಒಂದು ದಿನದ ಬಗ್ಗೆಯೂ ಹೇಳಿದ್ದರು. ‘ಎರಡು ವರ್ಷದ ಹಿಂದೆ ಒಂದು ರಾತ್ರಿ ರಿಲೀಸ್ ಇತ್ತು. ಪ್ರೊಡಕ್ಷನ್‌ನಲ್ಲಿ ಒಂದು ಟೇಬಲ್ಲಿನ ಡೇಟಾ ಎಲ್ಲ ಡಿಲೀಟ್ ಆಗಿಹೋಯಿತು. ಬೆಳಗಿನವರೆಗೆ ಕುಳಿತು ವಾಪಸು ತಂದೆವು.’ ರಿಲೀಸ್ ಎಂದರೆ ತಂತ್ರಾಂಶದ ಹೊಸ ಆವೃತ್ತಿಯನ್ನು ಬಳಕೆಗೆ ಬಿಡುವುದು; ಪ್ರೊಡಕ್ಷನ್ ಎಂದರೆ ಗ್ರಾಹಕರು ನಿಜವಾಗಿ ಬಳಸುತ್ತಿರುವ ವ್ಯವಸ್ಥೆ. ಇದೇ ಮಾತು ಮುಂದಿನ ಭೇಟಿಗಳಲ್ಲೂ ಬಂತು, ಪ್ರತಿ ಸಲವೂ ಅದೇ ಪದಗಳಲ್ಲಿ. ಗುತ್ತಿಗೆಯ ಹುಡುಗನೊಬ್ಬನ ಸ್ಕ್ರಿಪ್ಟಿನಿಂದ (ಒಂದರ ಹಿಂದೊಂದು ತಾನಾಗಿ ಓಡುವ ಆದೇಶಗಳ ಪಟ್ಟಿಯಿಂದ) ಹಾಗಾಯಿತು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಆಮೇಲೆ ಟಿಪ್ಪಣಿ ತೆಗೆದು ನೋಡಿದರೆ ಅವರು ಹಾಗೆಂದು ಎಲ್ಲಿಯೂ ಹೇಳಿಯೇ ಇರಲಿಲ್ಲ.

ನಾನು ಇದನ್ನು ವೃತ್ತಿ ಬಳಲಿಕೆ ಎಂದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹೊಸ ವರ್ಗೀಕರಣದಲ್ಲಿ ಇದನ್ನು ಕಾಯಿಲೆಯ ಸಾಲಿಗೆ ಸೇರಿಸದೆ, ಕೆಲಸಕ್ಕೆ ಅಂಟಿದ ವಿದ್ಯಮಾನ ಎಂದು ವಿವರಿಸಿದೆ. ಆದರೆ ಬೆಂಗಳೂರಿನಲ್ಲಿ ಆಪ್ತಸಲಹೆಗಾರರ ಕೈಗೆ ಇದು ತೀರಾ ಸುಲಭವಾಗಿ ಸಿಗುವ ಪದವಾಗಿಬಿಟ್ಟಿದೆ. ಐಟಿಯವರು, ರಾತ್ರಿ ಪಾಳಿ, ನಿದ್ದೆಯಿಲ್ಲ ಎಂದ ಕೂಡಲೇ ಪೆನ್ನು ತಾನಾಗಿ ಆ ಪದ ಬರೆಯುತ್ತದೆ. ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿ, ಮೂರು ತಿಂಗಳು ರಾತ್ರಿಯ ಆನ್‌ಕಾಲ್ (ಕರೆ ಬಂದರೆ ಎದ್ದು ನೋಡಬೇಕಾದ ಸರದಿ) ಬದಲಾಯಿಸಿಕೊಳ್ಳಿ, ಸಂಜೆ ನಾಲ್ಕರ ಮೇಲೆ ಕಾಫಿ ಬೇಡ, ನಿಧಾನ ಉಸಿರಾಟ ಹೀಗೆ ಮಾಡಿ ಎಂದೆಲ್ಲ ಹೇಳಿದೆ. ರಘು ಶಿಸ್ತಿನ ಮನುಷ್ಯ. ಎಲ್ಲವನ್ನೂ ಮಾಡಿ, ಏಳುವ ಹೊತ್ತನ್ನು ದಿನವೂ ಗುರುತು ಹಾಕಿದ ಪಟ್ಟಿ ತಂದರು. 2.40, 2.45, 2.38, 2.40. ಮನೋವೈದ್ಯರನ್ನು ನೋಡಿ ಎಂದರೆ ‘ಫೈಲ್ ಆಗುತ್ತದೆ ಮೇಡಂ, ದಾಖಲೆ ಉಳಿಯುತ್ತದೆ’ ಎಂದರು. ದಾಖಲೆಯ ಬಗ್ಗೆ ಅವರಿಗಿದ್ದ ಹೆದರಿಕೆಯನ್ನು ನಾನು ಎಲ್ಲರಿಗೂ ಇರುವ ಸಂಕೋಚ ಎಂದುಕೊಂಡೆ.

ನಾಲ್ಕನೆಯ ಭೇಟಿಯಲ್ಲಿ ಇನ್ನೊಂದು ಪೆದ್ದುತನ ಮಾಡಿದೆ. ಅವರ ಭಾಷೆಯಲ್ಲೇ ಮಾತಾಡಿದರೆ ನಾಟೀತು ಎಂದು ‘ಮನಸ್ಸಿಗೂ ಒಂದು ಬ್ಯಾಕಪ್ ಬೇಕು’ ಎಂದೆ. ರಘು ಮರ್ಯಾದೆಯಿಂದ, ‘ಒಮ್ಮೆ ರಿಸ್ಟೋರ್ ಮಾಡಿ ನೋಡದೆ ಇದ್ದರೆ ನಾವು ಅದನ್ನು ಬ್ಯಾಕಪ್ ಎನ್ನುವುದಿಲ್ಲ ಮೇಡಂ’ ಎಂದು ಬಾಯಿ ಮುಚ್ಚಿಸಿದರು. ಬಡಗಿಗೆ ಉಳಿಯ ಉಪಮೆ, ಅಡುಗೆಯವರಿಗೆ ಒಗ್ಗರಣೆಯ ಉಪಮೆ ಹೇಳುವ ಚಾಳಿಯನ್ನು ಅಂದಿನಿಂದ ಬಿಟ್ಟಿದ್ದೇನೆ.

ಐದನೆಯ ಭೇಟಿಗೆ ಬರುವ ಹೊತ್ತಿಗೆ ನನ್ನ ಚೀಲದಲ್ಲಿ ಏನೂ ಉಳಿದಿರಲಿಲ್ಲ. ಮಳೆಯ ಸಂಜೆ, ಅವರು ನೆನೆದು ಬಂದಿದ್ದರು. ಟವೆಲ್ ಕೊಟ್ಟು, ಸುಮ್ಮನೆ ಕುತೂಹಲಕ್ಕೆಂದೇ ಕೇಳಿದೆ.

‘ಎದ್ದು ಲ್ಯಾಪ್‌ಟಾಪ್ ತೆರೆದು ಏನು ನೋಡುತ್ತೀರಿ?’

ಬ್ಯಾಕಪ್ ಆಗಿದೆಯೇ ಎಂದು ನೋಡುತ್ತಾರೆ ಅಂತಲೇ ಇಷ್ಟು ದಿನ ನಾನು ತಿಳಿದದ್ದು.

‘ಎಣಿಸುತ್ತೇನೆ.’

‘ಏನನ್ನು?’

‘ಒಂದು ಟೇಬಲ್ಲಿನಲ್ಲಿ ಎಷ್ಟು ಸಾಲುಗಳಿವೆ ಎಂದು. ಚಿಕ್ಕ ಕ್ವೆರಿ. ಸಂಖ್ಯೆ ಬರುತ್ತದೆ, ನೋಡಿ ಮುಚ್ಚುತ್ತೇನೆ.’

‘ಡೇಟಾ ಹೋಗಿತ್ತಲ್ಲ, ಆ ಟೇಬಲ್ಲೇ?’

‘ಹೌದು.’

‘ಆವತ್ತು ಎಷ್ಟು ಸಾಲು ಹೋಗಿದ್ದವು?’

‘ಒಂದು ಲಕ್ಷ ಹದಿನೆಂಟು ಸಾವಿರದ ನಾನೂರ ಆರು.’

ಹಿಂದಿನ ವಾರ ಮಗಳ ಶಾಲೆಯ ಶುಲ್ಕ ಎಷ್ಟೆಂದು ಕೇಳಿದಾಗ ‘ಎಂಬತ್ತೋ ತೊಂಬತ್ತೋ ಇರಬೇಕು’ ಎಂದಿದ್ದವರು ಇವರೇ.

‘ಕೊನೆಯ ಆರು ಕೂಡ ನೆನಪಿದೆಯಲ್ಲ!’

‘ಪರದೆಯ ಮೇಲೆ ಬಂದಿತ್ತಲ್ಲ ಮೇಡಂ. ಡಿಲೀಟ್ ಓಡಿದ ತಕ್ಷಣ ಎಷ್ಟು ಸಾಲುಗಳು ಹೋದವು ಎಂದು ಕೆಳಗೆ ತೋರಿಸುತ್ತದೆ.’

‘ಯಾರ ಪರದೆಯ ಮೇಲೆ?’

ಪೊಲೀಸರ ಹಾಗೆ ಕೇಳಿದ್ದಲ್ಲ. ಇವರು ಆ ಹುಡುಗನ ಪಕ್ಕದಲ್ಲಿ ಕುಳಿತಿದ್ದರೇನೋ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ರಘು ಟವೆಲನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ಗಡಿಯಾರ ನೋಡಲಿಲ್ಲ, ಆದ್ದರಿಂದ ಎಷ್ಟು ಹೊತ್ತು ಎಂದು ಹೇಳಲಾರೆ. ಹೊರಗೆ ಮಳೆ ನಿಂತು ಆಟೋಗಳ ಸದ್ದು ಶುರುವಾಗಿತ್ತು.

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’ ಎಂದರು. ‘ನನ್ನನ್ನು ಯಾರೂ ಕಳ್ಳ ಎಂದೇ ಇಲ್ಲ. ನಾನೇ ದಿನಾ ರಾತ್ರಿ ಎದ್ದು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.’

ನಡೆದದ್ದು ಇಷ್ಟು. ಜುಲೈ ಮೊದಲ ವಾರದ ಒಂದು ರಾತ್ರಿ. ಗ್ರಾಹಕರ ಮಾಸಿಕ ಕಂತಿನ ವಿವರಗಳಿದ್ದ ಟೇಬಲ್ಲು. ಅದರಲ್ಲಿದ್ದ ಹಳೆಯ ಪರೀಕ್ಷಾ ದಾಖಲೆಗಳನ್ನು ತೆಗೆಯಲು ರಘು ಎರಡು ಸಾಲಿನ ಆದೇಶ ಬರೆದಿದ್ದರು: ಮೊದಲ ಸಾಲಿನಲ್ಲಿ ಯಾವ ಟೇಬಲ್ಲಿನಿಂದ ಅಳಿಸಬೇಕು ಎಂಬುದು, ಎರಡನೆಯದರಲ್ಲಿ ಯಾವ ಯಾವ ದಾಖಲೆ ಎಂಬ ಷರತ್ತು. ಅವರು ಬಳಸುವ ತಂತ್ರಾಂಶದಲ್ಲಿ ಬರಹದ ಒಂದು ಭಾಗವನ್ನು ಮೌಸಿನಿಂದ ಗುರುತಿಸಿದರೆ ಅಷ್ಟು ಭಾಗ ಮಾತ್ರ ಓಡುತ್ತದೆ. ಗುರುತಾದದ್ದು ಮೊದಲ ಸಾಲು ಮಾತ್ರ. ಷರತ್ತಿಲ್ಲದ ಡಿಲೀಟ್ ಎಂದರೆ ಎಲ್ಲವೂ ಡಿಲೀಟ್. ‘ಬಿಗಿನ್’ ಎಂದು ಮೊದಲೇ ಹೇಳಿ ಶುರುಮಾಡಿದ್ದರೆ ‘ರೋಲ್‌ಬ್ಯಾಕ್’ ಎಂದು ಹಿಂದಕ್ಕೆ ಪಡೆಯಬಹುದಿತ್ತು, ಹೇಳಿರಲಿಲ್ಲ. ಪಕ್ಕದ ಸರ್ವರಿನಲ್ಲಿ ತದ್ರೂಪು ಪ್ರತಿ ಇತ್ತು, ಆದರೆ ತದ್ರೂಪಿನ ಕೆಲಸವೇ ಅನುಕರಣೆ. ಒಂದೆರಡು ಸೆಕೆಂಡಿನಲ್ಲಿ ಅದೂ ಅಳಿಸಿ ಕುಳಿತಿತ್ತು. ರಾತ್ರಿಯ ಬ್ಯಾಕಪ್ಪಿನಿಂದ, ಅದರ ನಂತರದ ವ್ಯವಹಾರಗಳ ಲಾಗಿನಿಂದ (ನಡೆದದ್ದನ್ನೆಲ್ಲ ಯಂತ್ರ ಸಾಲಾಗಿ ಬರೆದಿಡುವ ಕಡತದಿಂದ) ಎಲ್ಲವನ್ನೂ ವಾಪಸು ತರುವ ಹೊತ್ತಿಗೆ ಬೆಳಗಿನ ಏಳೂವರೆ.

ಇಲ್ಲಿಯವರೆಗೆ ಇದು ಆ ಕೆಲಸದಲ್ಲಿ ಯಾರಿಗೂ ಆಗಬಹುದಾದದ್ದು. ರಘು ಅವರೇ ಒಂದು ಪ್ರಸಿದ್ಧ ಉದಾಹರಣೆ ಕೊಟ್ಟರು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು ತಡರಾತ್ರಿ ದಣಿದಿದ್ದಾಗ, ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಆದೇಶ ಕೊಟ್ಟು, ಸುಮಾರು 300 ಗಿಗಾಬೈಟ್ ಇದ್ದ ಮುಖ್ಯ ಡೇಟಾಬೇಸನ್ನು ಬಹುಪಾಲು ಅಳಿಸಿಬಿಟ್ಟರು. ಬ್ಯಾಕಪ್ಪಿಗೆಂದು ಇದ್ದ ಐದು ಬಗೆಯ ಏರ್ಪಾಡುಗಳಲ್ಲಿ ಒಂದೂ ನೆಚ್ಚುವ ಹಾಗಿರಲಿಲ್ಲ. ಆಕಸ್ಮಿಕವಾಗಿ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಕೈಹಿಡಿಯಿತು. ಸಂಸ್ಥೆ ನಡೆದದ್ದನ್ನು ನಡೆದ ಹಾಗೆ ಜಗತ್ತಿಗೆ ಬರೆದು ಹೇಳಿತು, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ‘ಅವರನ್ನು ಕೆಲಸದಿಂದ ತೆಗೆಯಲಿಲ್ಲ ಮೇಡಂ’ ಎಂದರು ರಘು. ಹೊಟ್ಟೆಕಿಚ್ಚಿನ ದನಿ ಅದು. ಕ್ಷಮೆ ಸಿಕ್ಕಿತು ಎಂಬುದರ ಮೇಲೆ ಅವರಿಗೆ ಹೊಟ್ಟೆಕಿಚ್ಚಿರಲಿಲ್ಲ. ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಗಿಬಿಟ್ಟಿತಲ್ಲ ಎಂಬುದರ ಮೇಲೆ ಇತ್ತು.

ರಘು ಅವರ ಕಚೇರಿಯಲ್ಲಿ ಪ್ರೊಡಕ್ಷನ್ ಡೇಟಾಬೇಸಿಗೆ ಎಲ್ಲರೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು. ತಪ್ಪು ಎಂದು ಗೊತ್ತಿದ್ದೂ ಎಷ್ಟೋ ಕಡೆ ನಡೆಯುವ ಅನುಕೂಲ ಇದು. ಆದ್ದರಿಂದ ಲಾಗ್ ಕಡತದಲ್ಲಿ ಹೆಸರು ಇರುವುದಿಲ್ಲ, ಯಾವ ಕಂಪ್ಯೂಟರಿನಿಂದ ಬಂತು ಎಂಬ ವಿಳಾಸ ಮಾತ್ರ ಇರುತ್ತದೆ. ಆ ಲಾಗನ್ನು ಪರಿಶೀಲಿಸಿ ವರದಿ ಕೊಡು ಎಂದು ಹೇಳಿದ್ದೂ ರಘು ಅವರಿಗೇ. ಅದೇ ರಾತ್ರಿ, ಸರಿಸುಮಾರು ಅದೇ ಹೊತ್ತಿಗೆ, ಹಾವೇರಿ ಕಡೆಯ 24ರ ಹುಡುಗನೊಬ್ಬನ ಸ್ಕ್ರಿಪ್ಟ್ ಅದೇ ಟೇಬಲ್ಲಿನ ಮೇಲೆ ಓಡಿತ್ತು. ಗುತ್ತಿಗೆಯ ಕೆಲಸದವನು. ರಘು ವರದಿಯಲ್ಲಿ ಬರೆದದ್ದು ಒಂದೇ ವಾಕ್ಯ: ಕ್ಲೀನಪ್ ಸ್ಕ್ರಿಪ್ಟ್ ಓಡುತ್ತಿದ್ದ ವೇಳೆಯಲ್ಲಿ ಡಿಲೀಟ್ ಆಗಿದೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಉಳಿದದ್ದನ್ನು ಓದಿದವರೇ ಪೂರ್ತಿ ಮಾಡಿಕೊಂಡರು, ನಾನು ಮಾಡಿಕೊಂಡ ಹಾಗೆಯೇ. ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿದ್ದ ಹುಡುಗನ ಕರಾರನ್ನು ನವೀಕರಿಸಲಿಲ್ಲ. ಕಾರಣ ಯಾರೂ ಹೇಳಲಿಲ್ಲ.

ಲಾಗುಗಳನ್ನು ಅಲ್ಲಿ 90 ದಿನ ಇಟ್ಟು ಆಮೇಲೆ ತಾವಾಗಿ ಅಳಿಯುವಂತೆ ಮಾಡಿದ್ದರು. ಜುಲೈ ಮೊದಲ ವಾರಕ್ಕೆ 90 ದಿನ ಕೂಡಿಸಿ. ಅಕ್ಟೋಬರ್ ಮೊದಲ ವಾರ, ಆ ವರ್ಷದ ದಸರಾ ರಜೆ. ಅಂದರೆ ತಪ್ಪು ನಡೆದ ರಾತ್ರಿಯಿಂದ ಮೂರು ತಿಂಗಳು ಈ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ. ಯಾವಾಗ ಬೇಕಾದರೂ ಹೇಳಬಹುದು, ಸಾಕ್ಷಿ ಇದೆ ಎಂಬ ಸಮಾಧಾನ ಇತ್ತೋ, ಯಾರಾದರೂ ಹಿಡಿದೇ ಹಿಡಿಯುತ್ತಾರೆ ಎಂಬ ನಿರೀಕ್ಷೆ ಇತ್ತೋ. ಸಾಕ್ಷಿ ಅಳಿದ ವಾರ ಎಚ್ಚರ ಶುರುವಾಗಿದೆ. ಮೊದಲ ದಿನವೇ ‘ದಸರಾದಲ್ಲಿ ಏನಾಯಿತು?’ ಎಂದು ನಾನು ಕೇಳಬೇಕಿತ್ತು. ಆತಂಕ, ನಿದ್ದೆಗೇಡು ಎಂದು ಬರುವವರು ಶುರುವಾದ ತಿಂಗಳನ್ನು ಖಚಿತವಾಗಿ ಹೇಳಿದರೆ ಆ ತಿಂಗಳನ್ನೇ ಹಿಡಿದು ಕೇಳಬೇಕು ಎಂದು ಕಿರಿಯ ಸಹೋದ್ಯೋಗಿಗಳಿಗೆ ಈಗ ನಾನು ಹೇಳುವುದುಂಟು, ನನಗೆ ಮೊದಲಿನಿಂದ ಗೊತ್ತಿದ್ದವಳ ಹಾಗೆ.

ಆರನೆಯ ಭೇಟಿಯಲ್ಲಿ ರಘು ಕೇಳಿದ ಪ್ರಶ್ನೆ: ‘ನನ್ನನ್ನು ನಾನು ಕ್ಷಮಿಸಿಕೊಳ್ಳುವುದು ಹೇಗೆ?’ ಮೊಬೈಲಿನಲ್ಲಿ ಈ ಬಗ್ಗೆ ವಿಡಿಯೋಗಳನ್ನು ನೋಡಿದ್ದರಂತೆ. ಸಾಲ ತೆಗೆದುಕೊಂಡವರೇ ಸಾಲ ಮನ್ನಾ ಮಾಡಿಕೊಂಡ ಹಾಗಾಗುತ್ತದೆ, ಅದಕ್ಕೆ ನನ್ನ ಸಹಾಯ ಇಲ್ಲ ಎಂದೆ. ಬಿರುಸಾಯಿತು ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಹಿಂತೆಗೆದುಕೊಳ್ಳುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಹೆಂಡತಿಗೆ ಹೇಳಿ. ಕೆಲಸ ಹೋದರೆ ಕಂತು ಕಟ್ಟುವವರಲ್ಲಿ ಅವರೂ ಒಬ್ಬರು, ಗೊತ್ತಿರಬೇಕು. ಆಮೇಲೆ ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರಿಗೆ ನಿಮ್ಮ ನೇಮಕಾತಿ ಪತ್ರ ತೋರಿಸಿ. ನಿದ್ದೆಗಾಗಿ ಮನೋವೈದ್ಯರನ್ನು ಈ ವಾರವೇ ನೋಡಿ. ಆ ಹುಡುಗನಿಗೆ ಹೇಳಿ. ಅವನಿಗೆ ಹೇಳಿದ ಮೇಲೆ ಕಚೇರಿಗೆ ಹೇಳಿ. ರಘು ಕಚೇರಿಗೇ ಮೊದಲು ಹೇಳುತ್ತೇನೆ ಎಂದರು. ಬೇಡ ಎಂದೆ. ಕಚೇರಿಯಲ್ಲಿ ಕ್ಷಮೆ ಅಗ್ಗ. ಹಳೆಯ ವಿಷಯ, ಡೇಟಾ ವಾಪಸು ಬಂದಿದೆ, ಹಿರಿಯ ನೌಕರ. ಅಲ್ಲಿ ಹಗುರವಾದ ಮೇಲೆ ಹಾವೇರಿಗೆ ಫೋನ್ ಮಾಡುವ ಕೆಲಸ ನಾಳೆಗೆ, ನಾಡಿದ್ದಿಗೆ ಹೋಗುತ್ತದೆ. ಐಟಿಯವರಲ್ಲಿ ‘ಯಾರ ಮೇಲೂ ತಪ್ಪು ಹೊರಿಸದ ವಿಚಾರಣೆ’ ಎಂಬ ಒಳ್ಳೆಯ ಪದ್ಧತಿ ಇದೆ. ಮನುಷ್ಯ ತಪ್ಪುತ್ತಾನೆ, ತಪ್ಪಲು ಬಿಟ್ಟ ವ್ಯವಸ್ಥೆಯನ್ನು ಸರಿಮಾಡಿ ಎಂಬುದು ಅದರ ತಿರುಳು. ಅದನ್ನು ನಾನು ಮೆಚ್ಚುತ್ತೇನೆ. ಆದರೆ ತಪ್ಪು ಮಾಡಿದವರು ಬಾಯಿಬಿಟ್ಟು ಹೇಳಿದಾಗ ಮಾತ್ರ ಆ ಪದ್ಧತಿ ನಡೆಯುತ್ತದೆ. ಇಲ್ಲವಾದರೆ ತಪ್ಪು ಯಾರ ಮೇಲೂ ಬೀಳದೆ ನಿಲ್ಲುವುದಿಲ್ಲ, ಕರಾರು ಅತಿ ತೆಳುವಾಗಿರುವವರ ಮೇಲೆ ಸದ್ದಿಲ್ಲದೆ ಬೀಳುತ್ತದೆ.

ತಿಂಗಳಿಗೊಮ್ಮೆ ನಾವು ಆರೇಳು ಜನ ಆಪ್ತಸಲಹೆಗಾರರು ಸೇರಿ ಪ್ರಕರಣಗಳನ್ನು ಚರ್ಚಿಸುತ್ತೇವೆ. ಅಲ್ಲಿ ಈ ಸಲಹೆಗೆ ಪೆಟ್ಟು ಬಿತ್ತು. ನಾವು ನ್ಯಾಯಾಧೀಶರಲ್ಲ, ದಾರಿ ತೋರಿಸುವವರೂ ಅಲ್ಲ, ಬಂದವರು ತಮ್ಮ ದಾರಿ ತಾವು ಕಾಣುವವರೆಗೆ ಜೊತೆಗಿರುವವರು ಎಂದು ಒಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರನ್ನು ಎಳೆತಂದರು. ನಾನೂ ಅದೇ ಪಾಠ ಕಲಿತವಳು. ಆದರೆ ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಇಟ್ಟಿರುವ ಹೆಸರಿನ ಮೊದಲ ಪದ ‘ಆಪ್ತ’. ನಮ್ಮ ತರ್ಕಶಾಸ್ತ್ರದಲ್ಲಿ ಆಪ್ತವಾಕ್ಯ ಎಂದರೆ ನಂಬತಕ್ಕವರ ಮಾತು, ಅದೂ ಒಂದು ಪ್ರಮಾಣ, ಅಂದರೆ ನಿಜವನ್ನು ತಿಳಿಯುವ ಒಂದು ದಾರಿ. ಆಪ್ತರೆನಿಸಿಕೊಂಡವರು ‘ನಿಮಗೇನು ಅನಿಸುತ್ತದೆ?’ ಎಂದು ಎಷ್ಟು ಸಲ ಕೇಳಿಯಾರು? ಮೂರನೆಯವನೊಬ್ಬ ಕೆಲಸ ಕಳೆದುಕೊಂಡಿರುವಾಗ ನನ್ನ ತಟಸ್ಥತೆಗೆ ಬೆಲೆ ತೆರುವವನು ಅವನೇ.

ಇನ್ನೊಬ್ಬರ ಆಕ್ಷೇಪಣೆ ಮಾತ್ರ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿತು. ರಾತ್ರಿ ಎದ್ದು ಎಣಿಸುವುದು ಗೀಳಿನ ಲಕ್ಷಣವಾಗಿರಬಹುದು; ಗೀಳು ಇರುವವರಿಗೆ ತಪ್ಪೊಪ್ಪಿಗೆಯೇ ಒಂದು ಚಟವಾಗುತ್ತದೆ, ಹೇಳಿದಷ್ಟೂ ಹೇಳಬೇಕು ಎನಿಸುತ್ತದೆ; ಅವರಿಗೆ ‘ಹೋಗಿ ಹೇಳಿ’ ಎಂದರೆ ವಿಷ ಕೊಟ್ಟಂತೆ ಎಂದರು. ಅವರ ಮಾತು ಸರಿ. ಆದ್ದರಿಂದಲೇ ಮನೋವೈದ್ಯರ ಅಭಿಪ್ರಾಯ ಬರುವವರೆಗೆ ಹುಡುಗನಿಗೆ ಫೋನ್ ಮಾಡಬೇಡಿ ಎಂದು ರಘು ಅವರನ್ನು ತಡೆದೆ. ಗೀಳಲ್ಲ ಎಂದು ವೈದ್ಯರು ಹೇಳಿದರು. ತಪ್ಪು ನಿಜವಾಗಿ ನಡೆದಿತ್ತು, ಒಂದೇ ಒಂದು ತಪ್ಪು, ಅದರಿಂದ ಒಬ್ಬನಿಗೆ ನಷ್ಟವಾಗಿತ್ತು. ಈ ಮೂರೂ ಇಲ್ಲದ ಕಡೆ ನನ್ನ ಸಲಹೆಯನ್ನು ದಯವಿಟ್ಟು ಅನ್ವಯಿಸಬೇಡಿ. ಆಮೇಲೆ ಬಂದ ಇಬ್ಬರಲ್ಲಿ ಒಬ್ಬ ಹೆಣ್ಣುಮಗಳು ಷರತ್ತಿಲ್ಲದ ಡಿಲೀಟ್ ಕೊಟ್ಟುಬಿಟ್ಟೆನೇನೋ ಎಂದು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದಳು. ಒಮ್ಮೆಯೂ ಕೊಟ್ಟಿರಲಿಲ್ಲ. ಆಕೆಯನ್ನು ನೇರವಾಗಿ ಚಿಕಿತ್ಸೆಗೆ ಕಳಿಸಿದೆ, ಯಾರ ಬಳಿಯೂ ಏನನ್ನೂ ಒಪ್ಪಿಕೊಳ್ಳಬೇಡ ಎಂದು ಹೇಳಿ ಕಳಿಸಿದೆ. ರಘು ಅವರನ್ನು ಜೀವದ ಬಗ್ಗೆ ಬೇಸರದ ಯೋಚನೆ ಬರುತ್ತದೆಯೇ ಎಂದೂ ನೇರವಾಗಿಯೇ ಕೇಳಿದ್ದೆ. ಬರುತ್ತಿರಲಿಲ್ಲ. ಓದುತ್ತಿರುವವರಲ್ಲಿ ಯಾರಿಗಾದರೂ ಬರುತ್ತಿದ್ದರೆ ಮೊದಲು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರಿ ಸೇವೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಹೆಂಡತಿಗೆ ಹೇಳಿದಾಗ ಆಕೆ ಸಾಲದ ಮಾತೆತ್ತಲಿಲ್ಲವಂತೆ. ‘ಆ ಹುಡುಗನ ಮನೆಯಲ್ಲಿ ಯಾರು ಯಾರಿದ್ದಾರೆ?’ ಎಂದು ಕೇಳಿದರಂತೆ. ರಘು ಅವರಿಗೆ ಗೊತ್ತಿರಲಿಲ್ಲ.

ಹುಡುಗನಿಗೆ ಫೋನ್ ಮಾಡಿದ್ದು ಒಂದು ಭಾನುವಾರ. ಅವನು ಏಳು ತಿಂಗಳು ಮನೆಯಲ್ಲಿದ್ದು, ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ. ಪೂರ್ತಿ ಕೇಳಿಸಿಕೊಂಡು, ‘ನೀವೇ ಇರಬಹುದು ಅನಿಸಿತ್ತು ಸರ್’ ಎಂದನಂತೆ. ‘ಅಲಾರಂ ಬಂದದ್ದು 2.52ಕ್ಕೆ. ನೀವು ಅದಕ್ಕೂ ಮೊದಲೇ ಬ್ಯಾಕಪ್ ಹುಡುಕುತ್ತಿದ್ದಿರಿ.’ ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಫೋನಿನಲ್ಲಿ ಹೇಳಿದ್ದು ಸಾಲದು, ಬರೆದು ಕಳಿಸಿ, ಕನ್ನಡದಲ್ಲಿ ಬರೆಯಿರಿ, ಅಪ್ಪನಿಗೆ ತೋರಿಸಬೇಕು ಎಂದ.

ಕಚೇರಿಯಲ್ಲಿ ನಾನು ಊಹಿಸಿದ್ದೇ ನಡೆಯಿತು. ಮೇಲಿನವರು ಬಾಗಿಲು ಹಾಕಿಕೊಂಡು, ಗ್ರಾಹಕರಿಗೆ ವರದಿ ಹೋಗಿ ಎರಡು ವರ್ಷವಾಯಿತು, ಇದನ್ನು ಮೇಲ್‌ನಲ್ಲಿ ಬರೆಯಬೇಡಿ ಎಂದರು. ಆ ವರ್ಷ ರಘು ಅವರಿಗೆ ಬಡ್ತಿ ಸಿಗಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಯಾರೂ ಹೇಳುವುದಿಲ್ಲ. ರಘು ಸಾಮೂಹಿಕ ಲಾಗಿನ್ ತೆಗೆಸಿದರು, ಈಗ ಒಬ್ಬೊಬ್ಬರಿಗೂ ಅವರವರದೇ. ಪ್ರೊಡಕ್ಷನ್ ವಿಂಡೋಗೆ ಕೆಂಪು ಅಂಚು ಬಂತು. ಈಗಲೂ ವಾರಕ್ಕೆ ಒಂದೆರಡು ರಾತ್ರಿ ಎಚ್ಚರವಾಗುತ್ತದೆ. ಲ್ಯಾಪ್‌ಟಾಪ್ ತೆರೆಯುವುದಿಲ್ಲ.

ಹುಡುಗ ಕೇಳಿದ ಪತ್ರವನ್ನು ಬರೆಯಲು ಅವರಿಗೆ ಮೂರು ವಾರ ಬೇಕಾಯಿತು. ಕನ್ನಡದಲ್ಲಿ ಪತ್ರ ಬರೆದು ಇಪ್ಪತ್ತು ವರ್ಷ ಆಗಿತ್ತಂತೆ. ಕಂಪನಿಯ, ಗ್ರಾಹಕರ ಹೆಸರು ಬಾರದಂತೆ ವಕೀಲರು ನೋಡಿಕೊಟ್ಟಿದ್ದರು. ಕರಡನ್ನು ನನ್ನ ಮೇಜಿನ ಮೇಲಿಟ್ಟರು. ಮೂರನೆಯ ಸಾಲು: ‘ಆ ದಿನ ರಾತ್ರಿ 2.40ಕ್ಕೆ ಎಲ್ಲ ವಿವರಗಳೂ ಡಿಲೀಟ್ ಆಗಿಹೋದವು.’ ನಾನು ಪೆನ್ಸಿಲ್ ತೆಗೆದುಕೊಂಡು ಕೊನೆಯ ಪದದ ಕೆಳಗೆ ಗೆರೆ ಎಳೆದೆ. ಏನೂ ಹೇಳಲಿಲ್ಲ. ಅವರು ಅದನ್ನು ನೋಡುತ್ತ ಕುಳಿತರು. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಇಡೀ ಸಾಲನ್ನು ಹೊಡೆದುಹಾಕಿ, ಮೇಲೆ ಬರೆದರು: ‘ಅದನ್ನು ಡಿಲೀಟ್ ಮಾಡಿದವನು ನಾನು. ನಿಮ್ಮ ಮಗ ಮಾಡಿದ್ದಲ್ಲ.’

ಶುದ್ಧಪ್ರತಿ ಬರೆದ ಮೇಲೆ ಸಹಿಯ ಕೆಳಗೆ ಹೆಸರು ಬರೆಯುವಾಗ ಇನಿಷಿಯಲ್ ಹಾಕಿ, ಒಂದು ಕ್ಷಣ ನಿಂತು, ಅದನ್ನು ಬಿಡಿಸಿ ಊರು, ಅಪ್ಪನ ಹೆಸರು ಸಮೇತ ಪೂರ್ತಿಯಾಗಿ ಬರೆದರು. ಹಾವೇರಿಗೆ ಸ್ಪೀಡ್ ಪೋಸ್ಟ್ ತಲುಪಲು ಎಷ್ಟು ದಿನ ಬೇಕು ಎಂದು ನನ್ನನ್ನು ಕೇಳಿದರು.